ಕೊಟ್ಟಿದ್ದನ್ನು ಬರೆಯುವುದು ಹೇಗೆ?

ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ನಾವು ಮಾಡಲು ಹೊರಟಿರುವುದು ಅದಕ್ಕೆ ತೀರಾ ಉಲ್ಟಾ ಕೆಲಸ. ಎಡಗೈಗಿರಲಿ, ಪತ್ರಿಕೆ ಓದುವ ಎಲ್ಲರಿಗೂ ಹೇಳಬೇಕು. ಅದೂ ಸ್ವಂತ ಮನೆಯ ಸಂಗತಿ ಬೆರೆಸಿ, ಸಂಭಾವನೆ ತೆಗೆದುಕೊಂಡು. ಸಂಕೋಚ ಆಗಬೇಕಾದ್ದೇ. ಆ ಸಂಕೋಚ ಪೂರ್ತಿ ಬಿಟ್ಟವರ ಲೇಖನ ಹೇಗಿರುತ್ತದೆಂದು ನಿಮಗೂ ಗೊತ್ತು: ಕೊಟ್ಟವರು ಕಥಾನಾಯಕರು, ಪಡೆದವರು ಹಿಂದೆ ನಿಂತು ಕಣ್ಣೊರೆಸಿಕೊಳ್ಳುವವರು.

ಸಂಸಾರ ಮತ್ತು ದಾನ, ಈ ಎರಡರ ಬಗ್ಗೆ ಕೆಲವು ವರ್ಷಗಳಿಂದ ಫ್ರೀಲ್ಯಾನ್ಸ್ ಆಗಿ ಬರೆಯುತ್ತಿದ್ದೇನೆ. ನನ್ನ ಮೊದಲ ಲೇಖನ, ಮಗಳು ತನ್ನ ಸೈಕಲ್ಲನ್ನು ಇನ್ನೊಂದು ಮಗುವಿಗೆ ಕೊಟ್ಟಿದ್ದರ ಬಗ್ಗೆ. ಹೆಸರು ಬದಲಿಸಿದ್ದೆ, ಜವಾಬ್ದಾರಿ ಮುಗಿಯಿತು ಅಂದುಕೊಂಡಿದ್ದೆ. ಆದರೆ ಸೈಕಲ್ಲಿನ ಬಣ್ಣ, ಹ್ಯಾಂಡಲ್ಲಿಗೆ ಸುತ್ತಿದ್ದ ರಿಬ್ಬನ್ನು, ಸೊಟ್ಟಗಾದ ಬೆಲ್ಲು, ಎಲ್ಲವನ್ನೂ ಪ್ರೀತಿಯಿಂದ ವರ್ಣಿಸಿಬಿಟ್ಟಿದ್ದೆ. ಪತ್ರಿಕೆ ಬಂದ ಮರುದಿನ ಇಡೀ ತರಗತಿಗೆ ಅದು ಯಾರ ಸೈಕಲ್ಲು ಅಂತ ತಿಳಿದುಹೋಯಿತು. ವಾರ ಕಳೆಯುವುದರೊಳಗೆ ಆ ಮಗು ಸೈಕಲ್ ಹತ್ತುವುದನ್ನೇ ಬಿಟ್ಟಿತು.

ಅಂದಿನಿಂದ ನನ್ನದು ಒಂದೇ ಅಳತೆ. ಪಡೆದವರು ನನ್ನೆದುರು ಕೂತು ಈ ಲೇಖನವನ್ನು ಗಟ್ಟಿಯಾಗಿ ಓದಿದರೆ ನಾನು ತಲೆ ತಗ್ಗಿಸದೆ ಕೇಳಿಸಿಕೊಳ್ಳಬಲ್ಲೆನೇ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು.

ಹಂತ 1: ದನಿ ಏರುವ ಜಾಗ ಹುಡುಕಿ

ದಾನ ಒಳ್ಳೆಯದು ಎಂಬುದರಲ್ಲಿ ಲೇಖನ ಇಲ್ಲ. ಎಲ್ಲರೂ ಒಪ್ಪಿದ ಮಾತನ್ನು ಯಾರೂ ಎರಡನೇ ಪ್ಯಾರಾದವರೆಗೆ ಓದುವುದಿಲ್ಲ. ಮನೆಯಲ್ಲಿ ಕೊಡುವ ಮಾತು ಬಂದಾಗ ಎಲ್ಲಿ ದನಿ ಏರುತ್ತದೆ, ಎಲ್ಲಿ ಒಬ್ಬರು ಎದ್ದು ಒಳಗೆ ಹೋಗುತ್ತಾರೆ, ಅಲ್ಲಿ ಕಿವಿಯಿಡಿ. ತಿಂಗಳಿಗಿಷ್ಟು ಅಂತ ಸಂಸ್ಥೆಗೆ ಕೊಡೋಣ ಎಂದು ಗಂಡ; ಸಾಲದಲ್ಲಿ ಮುಳುಗಿರುವ ನನ್ನ ತಮ್ಮನಿಗೆ ಮೊದಲು ಕೊಡೋಣ ಎಂದು ಹೆಂಡತಿ. ಇದರಲ್ಲಿ ಯಾವುದು ದಾನ, ಯಾವುದು ಕರ್ತವ್ಯ? 'ಹಳೇ ಆಟಿಕೆ ಮಾತ್ರ ಯಾಕೆ ಕೊಡ್ತೀವಿ, ಹೊಸದನ್ನ ಯಾಕಿಲ್ಲ?' ಅನ್ನುವ ಮಗನಿಗೆ ಏನು ಉತ್ತರ? ತೀರಿಕೊಂಡ ಅಮ್ಮನ ಕಪಾಟಿನಲ್ಲಿ ಯಾರದೋ ಹೆಸರಿನ ಶಾಲಾ ಶುಲ್ಕದ ರಸೀದಿಗಳು ಸಿಗುತ್ತವೆ. ಮಕ್ಕಳಿಗೆ ಹೆಮ್ಮೆಯೂ ಆಗುತ್ತದೆ, ನಮಗೇಕೆ ಹೇಳಲಿಲ್ಲ ಎಂಬ ಮುನಿಸೂ ಬರುತ್ತದೆ.

ಇಂಥವು ಕಿವಿಗೆ ಬಿದ್ದ ದಿನವೇ ಬರೆದಿಡಲು ಒಂದು ನೋಟ್‌ಬುಕ್ ಇರಲಿ. ವಿಷಯ ಹೊಳೆಯದಿದ್ದಾಗ ನಾನು ನೋಡುವ ಇನ್ನೊಂದು ಪಟ್ಟಿ ಇದೆ. 12ನೇ ಶತಮಾನದ ಯಹೂದಿ ಚಿಂತಕ ಮೈಮೋನಿಡಿಸ್ ದಾನಕ್ಕೆ 8 ಮೆಟ್ಟಿಲು ಕಟ್ಟಿದ. ಎಲ್ಲಕ್ಕಿಂತ ಕೆಳಗಿನದು, ಮನಸ್ಸಿಲ್ಲದೆ ಕೊಡುವುದು. ಮೇಲೇರುತ್ತ ಕೇಳಿದ ಮೇಲೆ ಕೊಡುವುದು, ಕೇಳುವ ಮುಂಚೆಯೇ ಕೊಡುವುದು, ಕೊಟ್ಟವರಿಗೆ ಪಡೆದವರೂ ಪಡೆದವರಿಗೆ ಕೊಟ್ಟವರೂ ಗೊತ್ತಿಲ್ಲದಂತೆ ಕೊಡುವುದು ಬರುತ್ತವೆ. ತುತ್ತತುದಿಯಲ್ಲಿ ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು, ಆ ವ್ಯಕ್ತಿ ಮತ್ತೆ ಕೈ ಚಾಚದಂತೆ ಮಾಡುವುದು. ಒಂದೊಂದು ಮೆಟ್ಟಿಲಿನ ಮೇಲೂ ನಿಮಗೆ ಗೊತ್ತಿರುವ ಒಂದು ಮನೆಯನ್ನು ನಿಲ್ಲಿಸಿ ನೋಡಿ. ಕೆಳಗಿನ ಮೆಟ್ಟಿಲಿನವರು ಬರೆಯಲು ಹೆಚ್ಚು ರುಚಿ.

ಹಂತ 2: ಸಂಪಾದಕರಿಗೆ ಚಿಕ್ಕದಾಗಿ ಬರೆಯಿರಿ

ಪೂರ್ತಿ ಲೇಖನ ಬರೆದು ಕಳಿಸುವ ಮೊದಲು ಒಂದು ಪ್ರಸ್ತಾವ ಕಳಿಸುವುದು ಇಬ್ಬರಿಗೂ ಒಳ್ಳೆಯದು. ಆ ಪುರವಣಿಯ ಕಳೆದ ಐದಾರು ಸಂಚಿಕೆ ಓದಿ. ನಿಮ್ಮ ವಿಷಯ ಈಗಾಗಲೇ ಬಂದಿದೆಯೇ, ಲೇಖನಗಳ ಉದ್ದ ಎಷ್ಟು, ಮನೆಯ ಮಾತಿಗೆ ಅಲ್ಲಿ ಜಾಗ ಇದೆಯೇ ನೋಡಿ. ಪ್ರಸ್ತಾವ ಹೀಗಿದ್ದರೆ ಸಾಕು:

'ಮಾನ್ಯರೇ, ಒಬ್ಬ ತಾಯಿ ತೀರಿಕೊಂಡ ಮೇಲೆ ಅವರ ಕಪಾಟಿನಲ್ಲಿ 11 ವರ್ಷಗಳ ಶಾಲಾ ಶುಲ್ಕದ ರಸೀದಿಗಳು ಸಿಕ್ಕವು. ಎಲ್ಲವೂ ಮನೆಯವರು ಕೇಳಿರದ ಒಂದು ಹೆಸರಿನಲ್ಲಿ. ಗುಟ್ಟಾಗಿ ಕೊಡುವವರ ಬಗ್ಗೆ, ಗುಟ್ಟು ತಿಳಿದಾಗ ಮನೆಯಲ್ಲಿ ಆಗುವುದರ ಬಗ್ಗೆ 900 ಪದಗಳಲ್ಲಿ ಬರೆಯಬಯಸುತ್ತೇನೆ. ಇಬ್ಬರು ಮಕ್ಕಳೂ, ಆ ಶುಲ್ಕದಲ್ಲಿ ಓದಿದವರೂ ಮಾತಾಡಲು ಒಪ್ಪಿದ್ದಾರೆ. ಲೇಖನದಲ್ಲಿ ಹೆಸರು ಬದಲಿಸುತ್ತೇನೆ. ನಿಜವಾದ ಹೆಸರು ನಿಮಗೆ ತಿಳಿಸುತ್ತೇನೆ. ಮೂರು ವಾರದಲ್ಲಿ ಕೊಡಬಲ್ಲೆ.'

ಇದರಲ್ಲಿ 'ಓದಿದವರೂ ಒಪ್ಪಿದ್ದಾರೆ' ಎಂಬ ಮಾತನ್ನು ಗಮನಿಸಿ. ಒಪ್ಪಿಗೆ ಮೊದಲು, ಪ್ರಸ್ತಾವ ಆಮೇಲೆ. ಸಂಪಾದಕರು ಹೂಂ ಅಂದಮೇಲೆ ಒಪ್ಪಿಗೆ ಕೇಳಲು ಹೋದರೆ ನೀವು ಗಡುವಿನ ಅವಸರದಲ್ಲಿರುತ್ತೀರಿ. ಎದುರಿನವರಿಗೆ ಬೇಡ ಅನ್ನಲು ಕಷ್ಟವಾಗುತ್ತದೆ.

ಕ್ಯಾಲೆಂಡರ್ ನೋಡುವುದೂ ಒಂದು ಉಪಾಯ. ವಿಶ್ವಸಂಸ್ಥೆ ಮೇ 15ನ್ನು ಅಂತರರಾಷ್ಟ್ರೀಯ ಕುಟುಂಬ ದಿನ ಎಂದು ಘೋಷಿಸಿದ್ದು 1993ರಲ್ಲಿ. ಮದರ್ ತೆರೇಸಾ ತೀರಿಕೊಂಡ ಸೆಪ್ಟೆಂಬರ್ 5ನ್ನು ದಾನದ ದಿನವಾಗಿ ಘೋಷಿಸಿದ್ದು 2012ರಲ್ಲಿ. ಡಿಸೆಂಬರ್ 5 ಸ್ವಯಂಸೇವಕರ ದಿನ. ಈ ದಿನಗಳ ಹಿಂದುಮುಂದು ಸಂಪಾದಕರು ಇಂಥ ಲೇಖನ ಹುಡುಕುತ್ತಿರುತ್ತಾರೆ. ದಿನ ಹತ್ತಿರ ಬಂದಮೇಲೆ ಬರೆದರೆ ಆಗಲೇ ಪುಟ ತುಂಬಿರುತ್ತದೆ. ವಾರದ ಪುರವಣಿಗೆ ಒಂದು ತಿಂಗಳು ಮೊದಲು, ಮಾಸಪತ್ರಿಕೆಗೆ ಇನ್ನೂ ಮುಂಚೆ ಬರೆಯಿರಿ.

ಹಂತ 3: ಲೆಕ್ಕ ಓದಿ

ಲೇಖನದಲ್ಲಿ ಒಂದು ಸಂಸ್ಥೆಯ ಹೆಸರು ಬಂದರೆ ಓದುಗರು ಅದಕ್ಕೆ ಹಣ ಕಳಿಸುತ್ತಾರೆ. ಹಾಗಾಗಿ ನೋಂದಣಿ ಇದೆಯೇ, ಲೆಕ್ಕ ಪರಿಶೋಧನೆ ಆಗಿದೆಯೇ, ವಾರ್ಷಿಕ ವರದಿ ಸಿಗುತ್ತದೆಯೇ, ಆಡಳಿತ ಮಂಡಳಿಯಲ್ಲಿರುವವರೆಲ್ಲ ಒಂದೇ ಮನೆಯವರೇ ನೋಡಿ. ವರದಿ ಕೇಳಿದಾಗ ಫೋಟೊ ಆಲ್ಬಂ ಕಳಿಸುವ ಸಂಸ್ಥೆಯ ಬಗ್ಗೆ ನಾನು ಬರೆಯುವುದಿಲ್ಲ.

ಒಂದು ತಪ್ಪು ಲೆಕ್ಕದಿಂದ ದೂರವಿರಿ. 'ಕೊಟ್ಟ ಹಣದಲ್ಲಿ ಆಡಳಿತಕ್ಕೆ ಎಷ್ಟು ಹೋಗುತ್ತದೆ?' ಎಂಬ ಒಂದೇ ಪ್ರಶ್ನೆಯಿಂದ ಸಂಸ್ಥೆಯನ್ನು ಅಳೆಯುವ ಚಟ ನಮ್ಮಲ್ಲಿ ಹಲವರಿಗಿದೆ. 2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳ ಮುಖ್ಯಸ್ಥರು ದಾನಿಗಳಿಗೆ ಬಹಿರಂಗ ಪತ್ರ ಬರೆದು, ಈ ಒಂದು ಅಂಕಿಯನ್ನೇ ನಂಬಬೇಡಿ ಎಂದರು. ದಾನ ಸಂಸ್ಥೆಗಳ ಒರೆಹಚ್ಚುವುದೇ ಕೆಲಸವಾಗಿರುವವರು ಹೇಳಿದ ಮಾತು ಅದು. ಲೆಕ್ಕಿಗರಿಗೆ, ತರಬೇತಿಗೆ, ಒಳ್ಳೆಯ ಸಿಬ್ಬಂದಿಗೆ ಖರ್ಚು ಮಾಡದ ಸಂಸ್ಥೆ ಅಗ್ಗವಾಗಿ ಕಾಣಬಹುದು, ಕೆಲಸ ಮಾತ್ರ ನಡೆಯದಿರಬಹುದು. 'ಹೋದ ವರ್ಷ ಏನು ಮಾಡಲು ಹೊರಟಿದ್ದಿರಿ, ಯಾವುದು ಆಗಲಿಲ್ಲ?' ಎಂದು ಕೇಳಿ. ಎರಡನೆಯದಕ್ಕೆ ಉತ್ತರ ಕೊಡುವವರನ್ನು ನಂಬಬಹುದು.

ಹಂತ 4: ಪಡೆದವರನ್ನು ಮೊದಲು ಮಾತಾಡಿಸಿ

ಕೊಟ್ಟವರು ಸುಲಭವಾಗಿ ಸಿಗುತ್ತಾರೆ. ಅವರಲ್ಲಿ ಮೊದಲು ಮಾತಾಡಿದರೆ ಅವರ ಕಥೆ ನಿಮ್ಮ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಪಡೆದವರಿಂದ ನೀವು ಕೇಳುವುದು ಬರೀ ಹೌದು ಅನ್ನುವ ಉತ್ತರವನ್ನು. ಸಾಧ್ಯವಾದರೆ ಕ್ರಮ ತಿರುವಿ ಹಾಕಿ. ಮಾತಾಡುವಾಗ ಕೊಟ್ಟವರಾಗಲಿ ಸಂಸ್ಥೆಯವರಾಗಲಿ ಪಕ್ಕದಲ್ಲಿ ಇರಬಾರದು. ಹಂಗಿನಲ್ಲಿ ಇರುವವರು ಹಂಗಿನ ಎದುರು ನಿಜ ಹೇಳುವುದಿಲ್ಲ.

'ನೆರವು ಸಿಕ್ಕಾಗ ಹೇಗನಿಸಿತು?' ಎಂದು ಕೇಳಬೇಡಿ, ಖುಷಿಯಾಯಿತು ಅಂದೇ ಅನ್ನುತ್ತಾರೆ. 'ಮನೆಯಲ್ಲಿ ಮೊದಲು ಯಾರಿಗೆ ಹೇಳಿದಿರಿ?', 'ಹೇಳದೇ ಇದ್ದಿದ್ದು ಯಾರಿಗೆ?', 'ಸಿಕ್ಕಿದ್ದಕ್ಕಿಂತ ಬೇರೆ ಏನಾದರೂ ಬೇಕಿತ್ತಾ?' ಎಂದು ಕೇಳಿ. ಈ ಕೊನೆಯ ಪ್ರಶ್ನೆಯಿಂದ ನನಗೆ ಸಿಕ್ಕಷ್ಟು ಲೇಖನಗಳು ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಹೊಲಿಗೆ ಯಂತ್ರ ಪಡೆದ ಒಬ್ಬರು, 'ನನಗೆ ಹೊಲಿಯಲು ಬರುತ್ತೆ ಅಂತ ಅವರೇ ಅಂದುಕೊಂಡರು' ಎಂದು ನಕ್ಕರು. ಆ ವಾಕ್ಯದ ಮೇಲೆ ಇಡೀ ಲೇಖನ ನಿಂತಿತು.

ಒಪ್ಪಿಗೆಯನ್ನು ಮೂರು ಸಲ ಕೇಳಿ. ಮಾತಾಡುವ ಮೊದಲು ಒಮ್ಮೆ. ಮಾತು ಮುಗಿದಮೇಲೆ, ಏನು ಹೇಳಿದೆವೆಂದು ಅವರಿಗೂ ಗೊತ್ತಾದಾಗ ಇನ್ನೊಮ್ಮೆ. ಕಳಿಸುವ ಮೊದಲು ಅವರ ಮಾತುಗಳನ್ನು ಓದಿ ಹೇಳಿ ಮತ್ತೊಮ್ಮೆ. ಎಲ್ಲಿ ಅಚ್ಚಾಗುತ್ತದೆ, ಆನ್‌ಲೈನ್‌ನಲ್ಲೂ ಬರುತ್ತದೆಯೇ, ಎಷ್ಟು ಕಾಲ ಉಳಿಯುತ್ತದೆ ಎಂದು ತಿಳಿಸಿ. ಬೇಡ ಅಂದರೆ ನೆರವು ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೇಬೇಕು.

ಮಕ್ಕಳಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನೂ ಮಾನವನ್ನೂ ಕಾಯುತ್ತದೆ. 12ನೇ ವಿಧಿ ತನಗೆ ಸಂಬಂಧಿಸಿದ ಸಂಗತಿಯಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ. ಅಂದರೆ ಅಪ್ಪ ಅಮ್ಮ ಒಪ್ಪಿದರಷ್ಟೇ ಸಾಲದು. ಗುರುತು ಮರೆಸುವಾಗ ಹೆಸರಿಗಿಂತ ಹೆಚ್ಚಾಗಿ ವಿವರ ನೋಡಿ: ಯಾವ ಶಾಲೆ, ಎಷ್ಟನೇ ತರಗತಿ, ಯಾವ ಕಾಯಿಲೆ, ಸೈಕಲ್ಲಿಗೆ ಕಟ್ಟಿದ ರಿಬ್ಬನ್ನು. ವಿವರಗಳನ್ನು ಸುಳ್ಳು ಸೃಷ್ಟಿಸಿ ಬದಲಿಸುವ ಬದಲು ಬಿಟ್ಟುಬಿಡುವುದು ಮೇಲು. ಹೆಸರು ಬದಲಿಸಿದ್ದರೆ ಬದಲಿಸಿದೆ ಎಂದು ಲೇಖನದಲ್ಲೇ ಹೇಳಿ.

ಹಂತ 5: ಮನುಷ್ಯರಿಂದ ಶುರು ಮಾಡಿ, ಮರುಕದಿಂದ ಬೇಡ

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಎಂದು ನೋಡಿದರು. ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು ಕೊಟ್ಟಿದ್ದು 1.14. ರೋಕಿಯಾಳ ಕಥೆಗೆ ಅಂಕಿಅಂಶವನ್ನೂ ಸೇರಿಸಿದಾಗ ದಾನ 1.43ಕ್ಕೆ ಇಳಿಯಿತು.

ಹಣ ಎತ್ತುವವರು ಇದರಿಂದ ಕಲಿತ ಪಾಠ ನಮಗೆ ಗೊತ್ತೇ ಇದೆ: ದೊಡ್ಡ ಕಣ್ಣುಗಳ ಒಂದು ಮಗುವಿನ ಫೋಟೊ ಹಾಕು. ಆದರೆ ನಾವು ಹಣ ಎತ್ತುವವರಲ್ಲ. ಓದುಗರು ಒಬ್ಬ ಮನುಷ್ಯರ ಹಿಂದೆ ಬರುತ್ತಾರೆ ಎಂಬುದನ್ನು ಬಳಸಿಕೊಳ್ಳೋಣ, ಅಂಕಿಗಳನ್ನು ಲೇಖನದ ನಡುವಿಗೆ ಇಡೋಣ. ಆದರೆ ಆ ಒಬ್ಬರಿಗೆ ಬಡತನದ ಹೊರತು ಇನ್ನೂ ಏನಾದರೂ ಇರಲಿ: ಸಿಟ್ಟು, ತಮಾಷೆ, ಬಟ್ಟೆಯ ಆಯ್ಕೆ, ಕೊಟ್ಟವರ ಬಗ್ಗೆ ಒಂದು ದೂರು. ಗಾದೆಯಿಂದ ಶುರು ಮಾಡಬೇಡಿ. (ನಾನು ಮಾಡಿದ್ದೇನೆ, ಇರಲಿ.)

ಅಧ್ಯಯನಗಳನ್ನು ಬಳಸುವಾಗ ಅದರ ಗಾತ್ರ ಹೇಳಿ. ಬೇರೆಯವರಿಗೆ ಖರ್ಚು ಮಾಡಿದರೆ ಸಂತೋಷ ಹೆಚ್ಚುತ್ತದೆ ಎಂಬ ಮಾತಿನ ಹಿಂದೆ 2008ರಲ್ಲಿ ಎಲಿಜಬೆತ್ ಡನ್, ಲಾರಾ ಅಕ್ನಿನ್, ಮೈಕೆಲ್ ನಾರ್ಟನ್ ಪ್ರಕಟಿಸಿದ ಕೆಲಸ ಇದೆ. ಅದರಲ್ಲಿನ ಪ್ರಯೋಗ ತುಂಬ ಸೊಗಸು: ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಸಂಜೆ 5ರೊಳಗೆ ಕೆಲವರು ತಮಗೆ, ಕೆಲವರು ಇತರರಿಗೆ ಖರ್ಚು ಮಾಡಬೇಕು ಎಂದರು. ಇತರರಿಗೆ ಖರ್ಚು ಮಾಡಿದವರು ಸಂಜೆ ಹೆಚ್ಚು ಸಂತೋಷವಾಗಿದ್ದರು. 5 ಡಾಲರೋ 20 ಡಾಲರೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ಆ ಪ್ರಯೋಗದಲ್ಲಿ ಇದ್ದವರು 46 ಜನ. 'ವಿಜ್ಞಾನ ಸಾಬೀತುಪಡಿಸಿದೆ' ಎಂದು ಬರೆಯುವ ಮೊದಲು ಆ 46 ನೆನಪಿರಲಿ.

ಹಂತ 6: ಮನೆಯವರಿಗೆ ಓದಿಸಿ

ಪಡೆದವರಿಗಿರುವ ಹಕ್ಕು ಮನೆಯವರಿಗೂ ಇದೆ. ನಮ್ಮ ಮನೆಯಲ್ಲಿ ಒಂದು ನಿಯಮ: ತಮ್ಮ ಬಗ್ಗೆ ಬಂದ ಯಾವ ಸಾಲನ್ನಾದರೂ, ಕಾರಣ ಕೊಡದೆ, ಹೊಡೆದುಹಾಕಬಹುದು. ಮಗಳು ಇದನ್ನು ಧಾರಾಳವಾಗಿ ಬಳಸುತ್ತಾಳೆ. ಅವಳು ಹೊಡೆದುಹಾಕಿದ ಸಾಲುಗಳಲ್ಲಿ ಹೆಚ್ಚಿನವು ನಾನು ಅವಳನ್ನು ಜಾಣೆಯಾಗಿ ತೋರಿಸಲು ಬರೆದವು.

ಹಂತ 7: ನಿಮ್ಮ ಹಂಗನ್ನೂ ಹೇಳಿ

ಆ ಸಂಸ್ಥೆಗೆ ನೀವು ದೇಣಿಗೆ ಕೊಟ್ಟಿದ್ದೀರಾ? ಅಲ್ಲಿ ಸ್ವಯಂಸೇವಕರೇ? ಅವರ ಕರಪತ್ರ ಬರೆದು ಹಣ ಪಡೆದಿದ್ದೀರಾ? ಮೊದಲಿನ ಎರಡಾದರೆ ಸಂಪಾದಕರಿಗೆ ತಿಳಿಸಿ, ಲೇಖನದಲ್ಲಿ ಒಂದು ಸಾಲು ಬರೆಯಿರಿ. ಮೂರನೆಯದಾದರೆ ಆ ಸಂಸ್ಥೆಯ ಬಗ್ಗೆ ಪತ್ರಿಕೆಗೆ ಬರೆಯಬೇಡಿ. ಕರಪತ್ರ ಬರೆಯುವುದು ಮರ್ಯಾದೆಯ ಕೆಲಸವೇ. ಅದನ್ನೇ ಲೇಖನ ಎಂದು ಮಾರುವುದು ಮಾತ್ರ ತಪ್ಪು.

ಹಂತ 8: ಕಳಿಸಿ, ಹಣ ಕೇಳಿ

ದಾನದ ಬಗ್ಗೆ ಬರೆಯುವವರು ತಾವೂ ದಾನವಾಗಿ ಬರೆಯಬೇಕು ಎಂದು ಕೆಲವರು ನಂಬಿದ್ದಾರೆ. ಸಂಭಾವನೆ ಎಷ್ಟು, ಯಾವಾಗ, ಲೇಖನ ಒಪ್ಪಿಕೊಂಡು ಕೊನೆಗೆ ಹಾಕದಿದ್ದರೆ ಏನು ಕೊಡುತ್ತಾರೆ ಎಂಬುದನ್ನು ಕೆಲಸ ಶುರು ಮಾಡುವ ಮೊದಲು ಇಮೇಲ್‌ನಲ್ಲಿ ಕೇಳಿ. ಹಕ್ಕಿನ ಮಾತೂ ಅಲ್ಲೇ ಆಗಲಿ. 1886ರಲ್ಲಿ ಶುರುವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಲೇಖನ ಬರೆದ ಕ್ಷಣದಿಂದ, ಯಾವ ನೋಂದಣಿಯೂ ಇಲ್ಲದೆ, ಹಕ್ಕುಸ್ವಾಮ್ಯ ನಿಮ್ಮದು. ಒಂದು ಸಲ ಪ್ರಕಟಿಸಲು ಕೊಡುವುದಕ್ಕೂ ಎಲ್ಲ ಹಕ್ಕುಗಳನ್ನು ಬರೆದುಕೊಡುವುದಕ್ಕೂ ಬಹಳ ಅಂತರ. ಎಲ್ಲವನ್ನೂ ಬರೆದುಕೊಟ್ಟರೆ ನಿಮ್ಮೊಡನೆ ಮಾತಾಡಿದವರ ಕಥೆ ನಾಳೆ ಎಲ್ಲಿ ಬರುತ್ತದೆಂದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಚ್ಚಾದ ಪ್ರತಿಯನ್ನು ಮಾತಾಡಿದ ಎಲ್ಲರಿಗೂ ಕಳಿಸಿ, ಪಡೆದವರಿಗೆ ಮೊದಲು. ಹೋದ ಸಲ ಹಾಗೆ ಕಳಿಸಿದಾಗ ಒಬ್ಬರು ಫೋನ್ ಮಾಡಿದರು. ನಾನು ಅವರ ಮಾತುಗಳನ್ನಷ್ಟೇ ಓದಿ ಹೇಳಿದ್ದೆ, ನನ್ನ ವರ್ಣನೆಯನ್ನು ಓದಿರಲಿಲ್ಲ. 'ಎಲ್ಲ ಸರಿಯಾಗಿದೆ ಮೇಡಂ,' ಅಂದರು, 'ಆದರೆ ಆವತ್ತು ನಾನು ಅಳಲಿಲ್ಲ, ನನಗೆ ನೆಗಡಿಯಾಗಿತ್ತು.' ತಿದ್ದುಪಡಿ ಮುಂದಿನ ವಾರ ಬಂತು, ಎರಡು ಸಾಲು.