ಟಿವಿಗೆ ಕೊಡುವ ಪಿಸಿಗೆ ಗ್ರಾಫಿಕ್ಸ್ ಕಾರ್ಡ್: ಜಿಬಿ ಬಿಡಿ, ಡಿಕೋಡರ್ ನೋಡಿ

ನಮ್ಮ ಬದಿಯಡ್ಕ, ಪೆರ್ಲ, ಉಪ್ಪಳ ಕಡೆ ಈಗ ತುಂಬ ಮನೆಯಲ್ಲಿ ಇದೇ ಕಥೆ. ಕಚೇರಿಯಿಂದ ಹೊರಗೆ ಹಾಕಿದ ಹಳೇ ಡೆಸ್ಕ್‌ಟಾಪ್ ಒಂದು ಕಮ್ಮಿಗೆ ಸಿಗ್ತದೆ, ಅದನ್ನು ಚಾವಡಿಯ 4ಕೆ ಟಿವಿಗೆ ಕೊಟ್ಟು ಯೂಟ್ಯೂಬಲ್ಲಿ ರಾತ್ರಿಯಿಡೀ ಯಕ್ಷಗಾನ ಹಾಕಿದ್ರೆ ಚೆಂಡೆ ಸರಿ ಕೇಳ್ತದೆ, ವೇಷ ಮಾತ್ರ ತಡವರಿಸ್ತದೆ. ಕೂಡ್ಲೇ ಯಾರಾದ್ರೂ "4 ಜಿಬಿ ಕಾರ್ಡ್ ಹಾಕಿ" ಅಂತ ಹೇಳಿ ಹೋಗ್ತಾರೆ. ಗೇಮ್ ಆಡದವನಿಗೆ ಕಾರ್ಡಿನ ಆ 4 ಜಿಬಿ ಮೆಮೊರಿಯಿಂದ ಎಂತ ಪ್ರಯೋಜನವೂ ಇಲ್ಲ ಮಾರಾಯ್ರೆ. ಬೇಕಾದ್ದು ಕಾರ್ಡ್ ಒಳಗೆ ವೀಡಿಯೋ ಬಿಡಿಸ್ಲಿಕ್ಕೆ ಅಂತಲೇ ಇರುವ ಡಿಕೋಡರ್, ಮತ್ತೆ ಸರಿಯಾದ ಎಚ್‌ಡಿಎಂಐ, ಇಷ್ಟೇ.

ಮೊದಲು ಕಾರ್ಡ್ ಬೇಕಾ ಅಂತ ನೋಡಿ. ಯೂಟ್ಯೂಬ್ ವೀಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಒತ್ತಿದ್ರೆ ಕೋಡೆಕ್ (ವೀಡಿಯೋ ಕುಗ್ಗಿಸಿ ಕಳಿಸುವ ವಿಧಾನ) ಅಂತ ಒಂದು ಸಾಲು ಉಂಟು, ಅದ್ರಲ್ಲಿ ಎವಿಸಿ1 (ಅಂದ್ರೆ ಎಚ್264), ವಿಪಿ09 (ವಿಪಿ9), ಎವಿ01 (ಎವಿ1) ಇದ್ರಲ್ಲಿ ಒಂದು ಇರ್ತದೆ. ಆಗ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ ವೀಡಿಯೋ ಡಿಕೋಡ್ ಗೆರೆ ನೋಡಿ, ಅದು ಸೊನ್ನೆಯಲ್ಲೇ ಮಲಗಿ ಸಿಪಿಯು ಮಾತ್ರ 90ಕ್ಕೆ ಹೋಗ್ತಾ ಉಂಟು ಅಂತಾದ್ರೆ ಡಿಕೋಡರ್‌ಗೆ ಆ ಕೋಡೆಕ್ ಗೊತ್ತಿಲ್ಲ ಅಂತ ಲೆಕ್ಕ. ಇಂಟೆಲ್ 4ನೇ ಜನರೇಶನ್ ಪ್ರೊಸೆಸರ್‌ಗೆ ಎಚ್264 ಬಿಟ್ಟು ಹೊಸತು ಬರುದಿಲ್ಲ. 7ನೇಯದ್ದಕ್ಕೆ ವಿಪಿ9, 10 ಬಿಟ್ ಎಚ್‌ಇವಿಸಿ (ಎಚ್264ರ ನಂತರ ಬಂದ ಕೋಡೆಕ್) ಎರಡೂ ಬರ್ತದೆ. 12ನೇ ಜನರೇಶನ್ ಐ3 ಇದ್ರೆ ಎವಿ1 ಕೂಡ ಸರಾಗ, ಕಾರ್ಡಿನ ಮಾತೇ ಬೇಡ, ಆದ್ರೆ ಹೆಸರಿನ ಕೊನೆಗೆ ಎಫ್ ಇದ್ರೆ ಅದ್ರಲ್ಲಿ ಗ್ರಾಫಿಕ್ಸೇ ಇಲ್ಲ, ನೋಡಿಕೊಳ್ಳಿ. 7ನೇ ಜನರೇಶನ್‌ನವರಿಗೆ ಇನ್ನೊಂದು ಉಪಾಯ ಉಂಟು, ಮದರ್‌ಬೋರ್ಡಿನ ಎಚ್‌ಡಿಎಂಐ ಹೆಚ್ಚಾಗಿ 1.4 ಆದ್ರಿಂದ 4ಕೆ ಬರೀ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ), ಅದೇ ಡಿಸ್‌ಪ್ಲೇಪೋರ್ಟಿಗೆ ಒಂದು ಆಕ್ಟಿವ್ ಎಚ್‌ಡಿಎಂಐ 2.0 ಅಡಾಪ್ಟರ್ ಹಾಕಿದ್ರೆ 60 ಸಿಗ್ತದೆ, ಕಾರ್ಡಿನ ದುಡ್ಡು ಉಳೀತದೆ.

ಇನ್ನು ಕಾರ್ಡ್ ಬೇಕೇ ಬೇಕು ಅಂತಾದ್ರೆ ಜಿಟಿ 710, ಜಿಟಿ 730 ಎರಡನ್ನೂ ಮುಟ್ಲಿಕ್ಕೆ ಹೋಗ್ಬೇಡಿ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದೇ ಅದನ್ನು, ಬಾಕ್ಸ್ ಮೇಲೆ ದೊಡ್ಡದಾಗಿ 4 ಜಿಬಿ ಅಂತ ಬೇರೆ ಇರ್ತದೆ, ಆದ್ರೆ ವಿಪಿ9 ಇಲ್ಲ, ಎಚ್‌ಇವಿಸಿ ಇಲ್ಲ, ಎಚ್‌ಡಿಎಂಐ 1.4. ನಿಮ್ಮ ಹಳೇ ಪಿಸಿಯಲ್ಲಿ ಆಗದ್ದು ಅದ್ರಲ್ಲೂ ಆಗುದಿಲ್ಲ. ಜಿಟಿ 1030 ಪರವಾಗಿಲ್ಲ, 30 ವ್ಯಾಟ್, ಫ್ಯಾನ್ ಇಲ್ಲದ್ದೂ ಸಿಗ್ತದೆ, ವಿಪಿ9 ಎಚ್‌ಇವಿಸಿ ಎರಡೂ ಓಡ್ತದೆ, ಎಚ್‌ಡಿಎಂಐ 2.0. ಅದೇ ಹೆಸರಲ್ಲಿ ಡಿಡಿಆರ್4 ಮೆಮೊರಿಯ ನಿಧಾನದ ಕಾರ್ಡೂ ಉಂಟು, ಬಾಕ್ಸಲ್ಲಿ ಜಿಡಿಡಿಆರ್5 ಅಂತ ಓದಿಯೇ ತಗೊಳ್ಳಿ. ಎವಿ1 ಮಾತ್ರ ಇದಕ್ಕೆ ಬರುದಿಲ್ಲ, ಬ್ರೌಸರಿಗೆ ಎನ್‌ಹಾನ್ಸ್ಡ್ ಎಚ್264ಇಫೈ ಅಂತ ಎಕ್ಸ್‌ಟೆನ್ಶನ್ ಹಾಕಿ ಎವಿ1 ಒಂದನ್ನು ಬ್ಲಾಕ್ ಮಾಡಿದ್ರೆ ಯೂಟ್ಯೂಬ್ ವಿಪಿ9 ಕಳಿಸ್ತದೆ. ಆರ್‌ಎಕ್ಸ್ 6400ಗೂ ಎವಿ1 ಇಲ್ಲ, 53 ವ್ಯಾಟ್ ಬೇರೆ, ಬರೀ ವೀಡಿಯೋಗೆ ಅಷ್ಟು ಯಾಕೆ.

ನನ್ನ ಕೇಳಿದ್ರೆ ಹೊಸತಾಗಿ ತಗೊಳ್ಳುವವರಿಗೆ ಇಂಟೆಲ್ ಆರ್ಕ್ ಎ310. ಎವಿ1 ಸಮೇತ ಎಲ್ಲಾ ಕೋಡೆಕ್ ಉಂಟು, ಗಿಡ್ಡ ಕೇಸಿಗೆ ಆಗುವ ಲೋ ಪ್ರೊಫೈಲ್ ಮಾಡೆಲ್ ಸಿಗ್ತದೆ. ಆದ್ರೆ ಬೋರ್ಡಲ್ಲಿ ಯುಇಎಫ್‌ಐ ಬೂಟ್ (ಹಳೇ ಬಯಾಸ್ ಬದಲಿಗೆ ಬಂದ ವ್ಯವಸ್ಥೆ) ಬೇಕು, ತುಂಬ ಹಳೇ ಬೋರ್ಡಿಗೆ ಹಾಕಿದ್ರೆ ಪರದೆ ಕಪ್ಪಾಗಿಯೇ ಉಳಿಯಬಹುದು, ಅಂಥವರಿಗೆ ಜಿಟಿ 1030 ಸಾಕು. ಆರ್‌ಟಿಎಕ್ಸ್ 3050ರ 6 ಜಿಬಿಯದ್ದೂ ಎವಿ1 ಬಿಡಿಸ್ತದೆ, ಆದ್ರೆ ಟಿವಿ ನೋಡ್ಲಿಕ್ಕೆ ಮಾತ್ರ ಅಂತಾದ್ರೆ ಅಷ್ಟು ದುಡ್ಡು ಸುರಿಯುದು ನನಗೆ ಸರಿ ಕಾಣುದಿಲ್ಲ.

ಮಂಗಳೂರಿಗೆ ಹೋಗುವ ಮೊದಲು ಕೇಸ್ ಬಿಚ್ಚಿ ನೋಡಿ. ಆ ಗಿಡ್ಡ ಡೆಸ್ಕ್‌ಟಾಪ್‌ಗಳ ಪವರ್ ಸಪ್ಲೈ ಸಾಧಾರಣ 200-250 ವ್ಯಾಟ್, ಕಾರ್ಡಿಗೆ ಬೇರೆ ವಯರ್ ಇರುದಿಲ್ಲ, ಹಾಗಾಗಿ ಸ್ಲಾಟಿನ ಕರೆಂಟಲ್ಲೇ ಓಡುವಂಥದ್ದು ಬೇಕು. ಲೋ ಪ್ರೊಫೈಲ್ ಕಾರ್ಡಿನ ಬಾಕ್ಸಲ್ಲಿ ಗಿಡ್ಡ ಬ್ರಾಕೆಟ್ ಉಂಟಾ ಅಂತ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ, ಉದ್ದದ್ದು ಮಾತ್ರ ಇದ್ರೆ ಕೇಸ್ ಮುಚ್ಲಿಕ್ಕೆ ಆಗುದಿಲ್ಲ. ಸೆಕೆಂಡ್ ಹ್ಯಾಂಡ್ ಆದ್ರೆ ಕಾರ್ಡಿನ ಚಿಪ್ ಯಾವುದು ಅಂತ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಅಲ್ಲೇ ಓಡಿಸಿ, ಹಳೇ ಚಿಪ್ಪಿಗೆ ಹೊಸ ಹೆಸರು ಹಾಕಿದ ಕಾರ್ಡುಗಳು ಓಡಾಡ್ತಾ ಉಂಟು, ಅಂಥದ್ದು ಹೆಚ್ಚಾಗಿ ಅದ್ರಲ್ಲಿ ಫೇಕ್ ಅಂತ ಬರ್ತದೆ.

ಫ್ಯಾನ್ ಇಲ್ಲದ ಕಾರ್ಡ್ ಚಾವಡಿಗೆ ಒಳ್ಳೇದು, ಭಾಗವತರ ಆಲಾಪನೆ ಮಧ್ಯೆ ಗುರ್ ಅಂತ ಸದ್ದು ಇಲ್ಲ. ಆದ್ರೆ ಬಾಗಿಲು ಹಾಕಿದ ಟಿವಿ ಕಪಾಟಿನೊಳಗೆ ಇಟ್ರೆ ಬೇಯ್ತದೆ, ಕೇಸಿನ ಒಂದು ಫ್ಯಾನ್ ಆದ್ರೂ ನಿಧಾನ ತಿರುಗ್ತಾ ಇರ್ಲಿ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಎಲ್ಲದಕ್ಕೂ ಪಸೆ ಹಿಡೀತದೆ, ಪಿಸಿ ಆನ್ ಆಗಿ ಚಿತ್ರ ಬಾರದಿದ್ರೆ ಕಾರ್ಡ್ ಹೋಯ್ತು ಅಂತ ಹೆದ್ರಬೇಡಿ, ಪ್ಲಗ್ ತೆಗೆದು ಕಾರ್ಡ್ ಎಳೆದು ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ರಬ್ಬರ್ ಕಪ್ಪಾಗ್ತದೆ, ಪುಡಿ ಊದಿ ತೆಗೆದು ಕಾರ್ಡ್ ಪುನಃ ಹಾಕಿ. ತುಲಾ ತಿಂಗಳ ಸಿಡಿಲಿಗೆ ಪಿಸಿಯ ಪ್ಲಗ್ ತೆಗೆದ್ರೆ ಮಾತ್ರ ಸಾಲದು, ಡಿಶ್ ಕೇಬಲ್‌ನಲ್ಲಿ ಬಂದದ್ದು ಟಿವಿ ದಾಟಿ ಎಚ್‌ಡಿಎಂಐ ಮೂಲಕ ಕಾರ್ಡಿಗೇ ಹೊಡೀಬಹುದು, ಇಂಟರ್ನೆಟ್ ವಯರಿನ ಸಮೇತ ಎಲ್ಲಾ ಎಳೆದಿಡಿ.

ಕಾರ್ಡ್ ಹಾಕಿದ ಮೇಲೆ ಎಚ್‌ಡಿಎಂಐ ಕೇಬಲನ್ನು ಬೋರ್ಡಿಂದ ತೆಗೆದು ಕಾರ್ಡಿಗೇ ಚುಚ್ಚಿ. ಟಿವಿ ಸೆಟ್ಟಿಂಗಲ್ಲಿ ಆ ಪೋರ್ಟಿಗೆ ಎನ್‌ಹಾನ್ಸ್ಡ್ ಅಂತ ಏನಾದ್ರೂ ಇದ್ರೆ ಆನ್ ಮಾಡಿ, ವಿಂಡೋಸಲ್ಲಿ 60 ಹರ್ಟ್ಸ್ ಆರಿಸಿ. ಸೌಂಡ್ ಬಾರದಿದ್ರೆ ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿದ್ರೆ ಆಯ್ತು.