ಗುಂಡನ ಹಿಮ್ಮಡಿ

ಗುಂಡ ಮನೆಗೆ ಬಂದ ಮೊದಲ ವರ್ಷ ಅವನ ಹಿಂಗಾಲಿನ ಅಡಿಯನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಕುಕ್ಕರ್ ಸೀಟಿ ಹಾಕಿದರೆ ಸಾಕು, ಹಿಂಗಾಲನ್ನು ಧಪ್ ಅಂತ ನೆಲಕ್ಕೆ ಬಡಿಯುತ್ತಿದ್ದ ಮೊಲ ಅದನ್ನು ನಿಲ್ಲಿಸಿದಾಗ, ಪರವಾಗಿಲ್ಲ, ಮನೆಗೆ ಹೊಂದಿಕೊಂಡ ಅಂದುಕೊಂಡೆವು. ಆಮೇಲೆ ಒಂದು ಭಾನುವಾರ ಪಂಜರದ ಟ್ರೇ ತೊಳೆಯುವಾಗ ಬಿಳಿ ರೋಮದ ಮೇಲೆ ರಕ್ತದ ಕಲೆ ಕಂಡಿತು. ಎರಡೂ ಹಿಮ್ಮಡಿ ಬೋಳಾಗಿದ್ದವು. ಎಡಗಾಲಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗಾಗಿ ನಡುವೆ ಬಿರಿದಿತ್ತು.

ಅಮ್ಮ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಕೊಟ್ಟರು. "ನಮ್ಮ ಹಿಮ್ಮಡಿ ಒಡೆದರೆ ಇದನ್ನೇ ಅಲ್ವೇನೋ ಹಚ್ಚೋದು?" ಹಚ್ಚಿದೆ, ಅವನು ನೆಕ್ಕಿ ಮುಗಿಸಿದ. ಬಟ್ಟೆ ಸುತ್ತಿದೆ, ಅರ್ಧ ಗಂಟೆಯಲ್ಲಿ ಕಡಿದು ಬಿಸಾಕಿದ. ಉಳಿದ ಎಣ್ಣೆಗೆ ಉಚ್ಚೆ, ಧೂಳು ಮೆತ್ತಿಕೊಂಡು ಗಾಯ ಇನ್ನಷ್ಟು ಕೆಟ್ಟಿತು. ಮಗಳಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್ಜಿನಲ್ಲಿತ್ತು. ಅದನ್ನೂ ಎರಡು ಹನಿ ಕುಡಿಸೋಣ ಅಂತಿದ್ದೆ. ಕುಡಿಸಲಿಲ್ಲ, ಪುಣ್ಯ. ಆ ಔಷಧಿ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣವೇ ಹೋಗಬಹುದು ಅಂತ ಗೊತ್ತಾಗಿದ್ದು ಡಾಕ್ಟರ ಹತ್ತಿರ ಹೋದ ಮೇಲೆ.

ಅವರು ಕಾಲು ನೋಡಿ, "ಪಂಜರದ ಫೋಟೋ ಇದೆಯಾ?" ಅಂದರು. ತೋರಿಸಿದೆ. ತಳ ಪೂರ್ತಿ ತಂತಿ ಜಾಲರಿ. ಹಿಕ್ಕೆ ಕೆಳಗೆ ಬೀಳಲಿ ಅಂತ ಅಂಗಡಿಯವರು ಕೊಟ್ಟಿದ್ದು. ನಾಯಿ, ಬೆಕ್ಕಿಗೆ ಇರುವಂಥ ಮೆತ್ತನೆಯ ಪಾದದ ಗದ್ದುಗೆ ಮೊಲಕ್ಕಿಲ್ಲ. ಮೂಳೆ, ಅದರ ಮೇಲೆ ತೆಳು ಚರ್ಮ, ಅದರ ಮೇಲೆ ರೋಮ, ಅಷ್ಟೇ. ನಮ್ಮವನು ಪೆಲೆಟ್, ಅಂದರೆ ಅಂಗಡಿಯ ಗುಳಿಗೆ ಆಹಾರ, ತಿಂದು ತಿಂದು ಮೂರು ಕೇಜಿ ದಾಟಿದ್ದ. ಉಗುರೂ ಬೆಳೆದಿತ್ತು. ಉಗುರು ಉದ್ದವಾದರೆ ಬೆರಳು ಮೇಲೆದ್ದು ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆಗೆ ಸೋಂಕು ಹೋಗಿರಲಿಲ್ಲ. ನೋವಿಗೆ ಔಷಧಿ, ತೊಳೆಯಲು ಸಲೈನ್ ಕೊಟ್ಟು, "ನೆಲ ಬದಲಾಯಿಸದೆ ಏನು ಹಚ್ಚಿದರೂ ದಂಡ" ಅಂದರು.

ನೆಲದ್ದೇ ದೊಡ್ಡ ರಾಮಾಯಣ. ಗೋಣಿಚೀಲ ಒರಟು, ಉಜ್ಜುತ್ತದೆ. ಟವೆಲ್ ಹಾಸಿದರೆ ದಾರ ಎಳೆದು ತಿನ್ನುತ್ತಾನೆ; ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಗಂಡಾಂತರ. ಕೊನೆಗೆ ಜಾಲರಿ ಮೇಲೆ ಪ್ಲೈವುಡ್ ಹಲಗೆ, ಅದಕ್ಕೆ ಹಳೇ ಜಮಖಾನೆ ಸುತ್ತಿ ಅಂಚನ್ನು ಅಡಿಗೆ ಮಡಚಿದೆ, ಮೇಲೆ ಎರಡು ಇಂಚು ಭತ್ತದ ಹುಲ್ಲು. ರಾಗಿ ಹುಲ್ಲಿನ ದಂಟು ಚುಚ್ಚುತ್ತದೆ, ಹಾಸಲು ಬೇಡ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಹುಲ್ಲು ಬದಲಿಸಿದೆ. ಒದ್ದೆಯಲ್ಲಿ ಕೂತರೆ ಉಚ್ಚೆಗೇ ಚರ್ಮ ಬೇಯುತ್ತದೆ. ಪೆಲೆಟ್ ಎರಡು ಚಮಚಕ್ಕೆ ಇಳಿಸಿದೆ. ಗಾಯ ಮುಚ್ಚಲು ಏಳು ವಾರ ಹಿಡಿಯಿತು.

ಮರುವರ್ಷ ಜೊತೆಗೆಂದು ತಂದ ಹೆಣ್ಣು ಮೊಲದ ಕಾಲನ್ನು ಮೊದಲ ದಿನವೇ ನೋಡಿದೆ. ಉಗುರಿನ ಬುಡ, ಮೂಗಿನ ತುದಿಯಲ್ಲಿ ಸುಣ್ಣ ಮೆತ್ತಿದ ಹಾಗೆ ಹಕ್ಕಳೆ. ಇದು ನೆಲದ್ದಲ್ಲ, ನುಸಿಯಿಂದ ಬರುವ ಕಜ್ಜಿ. ಡಾಕ್ಟರು ತೂಕ ನೋಡಿ ನುಸಿ ಸಾಯಲು ಐವರ್ಮೆಕ್ಟಿನ್ ಚುಚ್ಚಿದರು, ಎರಡು ವಾರ ಬಿಟ್ಟು ಮತ್ತೊಂದು, ಯಾಕೆಂದರೆ ಮೊದಲನೆಯದು ನುಸಿಯ ಮೊಟ್ಟೆಗೆ ತಾಗುವುದಿಲ್ಲ. ಅವಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಮ್ಮನ ಕೈಗೂ ನಾಲ್ಕು ದಿನ ತುರಿಕೆ ಹತ್ತಿತ್ತು. ಪಕ್ಕದ ಮನೆಯವರು ನಾಯಿಯ ಉಣ್ಣೆಗೆ ಬಿಡುವ ಹನಿಮದ್ದು ಕೊಡಲು ಬಂದಿದ್ದರು. ಅದರಲ್ಲಿ ಫಿಪ್ರೋನಿಲ್ ಇತ್ತು, ಮೊಲಕ್ಕೆ ವಿಷ. ಕೈಮುಗಿದು ವಾಪಸ್ ಕಳಿಸಿದೆ.

ಗುಂಡನ ಹಿಮ್ಮಡಿಗೆ ರೋಮ ಮತ್ತೆ ಬಂದಿಲ್ಲ, ತೆಳು ಗುಲಾಬಿ ಜಡ್ಡುಗಟ್ಟಿದೆ. ಒಣಗಿದ್ದು ಒಡೆಯದೆ ಇದ್ದರೆ ಅಷ್ಟು ಸಾಕಂತೆ. ಭಾನುವಾರ ನನ್ನ ಹೆಂಡತಿ ಎದೆಗವಚಿ ಹಿಡಿಯುತ್ತಾಳೆ, ನಾನು ಕಾಲು ನೋಡಿ ಉಗುರಿನ ತುದಿ ಕತ್ತರಿಸುತ್ತೇನೆ. ಅವನು ಆ ದಿನವೆಲ್ಲ ನನಗೆ ಬೆನ್ನು ತಿರುಗಿಸಿ ಕೂರುತ್ತಾನೆ.