ಎಲ್‌ಇಡಿ ಹಾಕಿದೆ, ಅರ್ಧ ಬಿಚ್ಚಿದೆ

ಮೂಡಿಗೆರೆಯಿಂದ ಉಜಿರೆಗೆ ತಿಂಗಳಿಗೆ ನಾಲ್ಕೈದು ಸಲ ಚಾರ್ಮಾಡಿ ಘಾಟಿ ಇಳಿಯುತ್ತೇನೆ. ಹಳೇ ಸಣ್ಣ ಕಾರು. ಹೆಡ್‌ಲೈಟ್ ಹಾಕಿದರೆ ಚಿಮಣಿ ದೀಪ ಹಚ್ಚಿದ ಹಾಗಿತ್ತು. ಒಂದು ಭಾನುವಾರ ಎಲ್ಲಾ ಬಲ್ಬನ್ನೂ ಎಲ್‌ಇಡಿ ಮಾಡಿಬಿಡೋಣ ಅಂತ ಕೂತೆ.

ಶುರು ಮಾಡಿದ್ದು ಒಳಗಿನ ರೂಫ್ ಲೈಟಿನಿಂದ. ಅದರ ಕವರನ್ನು ಹಳೇ ಎಟಿಎಂ ಕಾರ್ಡಿನಿಂದ ಮೀಟಿದರೆ ಸಾಕು. ಸ್ಕ್ರೂಡ್ರೈವರ್ ಹಾಕಿದರೆ ಪ್ಲಾಸ್ಟಿಕ್ ಗೀರು ಬೀಳುತ್ತದೆ. ಒಳಗಿರುವುದು ಎರಡೂ ತುದಿಗೆ ಲೋಹದ ಟೋಪಿ ಇರುವ ಉದ್ದ ಬಲ್ಬು. 31, 36, 41 ಮಿ.ಮೀ. ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ. ನಾನು ಅಳೆಯದೆ ಹೋಗಿ ಅಂಗಡಿಗೆ ಎರಡು ಸಲ ಅಲೆದೆ. ಪಾರ್ಕಿಂಗ್ ಮತ್ತು ನಂಬರ್ ಪ್ಲೇಟಿನ ಟಿ10 ಅನ್ನುವ ಪುಟ್ಟ ಬಲ್ಬುಗಳು ಸುಲಭ, ಎಳೆದರೆ ಬರುತ್ತವೆ. ಹೊಸದರಲ್ಲಿ ಒಂದು ಹತ್ತಲೇ ಇಲ್ಲ. ಅಂಗಡಿಯವನಿಗೆ ಬೈದುಕೊಂಡೆ, ಸುಮ್ನೆ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇದೆ ಅಲ್ವಾ, ಕಿತ್ತು ತಿರುಗಿಸಿ ಹಾಕಿದೆ. ಹತ್ತಿತು.

ಇಂಡಿಕೇಟರಿನಲ್ಲಿ ಸೋತೆ. 21 ವ್ಯಾಟ್ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದಾಗ ಕರೆಂಟು ತೀರಾ ಕಡಿಮೆ ಹರಿಯುತ್ತದೆ. ಬಲ್ಬು ಸುಟ್ಟಿದೆ ಅಂತ ಇಂಡಿಕೇಟರ್ ಮಿಟುಕಿಸುವ ಫ್ಲ್ಯಾಷರ್ ತಿಳಿದುಕೊಂಡು ಟಕಟಕ ಅಂತ ಅವಸರ ಮಾಡುತ್ತದೆ. ಕರೆಂಟು ತಿನ್ನುವ ರೆಸಿಸ್ಟರನ್ನು ಜೊತೆಗೆ ಹಾಕಿದರೆ ಸರಿಹೋಗುತ್ತದೆ, ಆದರೆ ಅದು ಕೈ ಸುಡುವಷ್ಟು ಕಾಯುತ್ತದೆ. ಉಳಿಸಿದ ಕರೆಂಟೂ ಅಲ್ಲೇ ಖರ್ಚು. ಹಳೇ ಬಲ್ಬನ್ನೇ ವಾಪಸ್ ಹಾಕಿದೆ.

ಇನ್ನು ಹೆಡ್‌ಲೈಟು. ನನ್ನದು ಎಚ್4 ಅನ್ನುವ ಬಗೆ, 60/55 ವ್ಯಾಟ್. ಅಂದರೆ ಒಂದೇ ಬಲ್ಬಿನಲ್ಲಿ ಎರಡು ತಂತಿ, ಹೈ ಬೀಮಿಗೆ 60, ಡಿಪ್ಪಿಗೆ 55. ಕನೆಕ್ಟರ್ ಎಳೆದು, ರಬ್ಬರ್ ಕವರ್ ಬಿಚ್ಚಿ, ತಂತಿಯ ಕ್ಲಿಪ್ ಒತ್ತಿದರೆ ಬಲ್ಬು ಕೈಗೆ ಬರುತ್ತದೆ. ಎಲ್‌ಇಡಿಯ ಹಿಂಬದಿಗೆ ಫ್ಯಾನ್ ಇರುವುದರಿಂದ ರಬ್ಬರ್ ಕವರ್ ಸರಿಯಾಗಿ ಕೂರಲಿಲ್ಲ. ಆದರೂ ಆ ರಾತ್ರಿ ಅಂಗಳವೆಲ್ಲ ಹಗಲಿನಂತೆ ಕಂಡಿತು. ಖುಷಿಯೋ ಖುಷಿ.

ಮರುವಾರ ಕೊಟ್ಟಿಗೆಹಾರ ದಾಟುತ್ತಿದ್ದಂತೆ ಮಂಜು ಕವಿಯಿತು. ಮುಂದೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಎದುರಿನ ಪ್ರತಿ ಗಾಡಿಯೂ ಡಿಪ್ ಮಾಡು ಅಂತ ಲೈಟ್ ಮಿಟುಕಿಸುತ್ತಿತ್ತು. ನಾನು ಡಿಪ್ಪಿನಲ್ಲೇ ಇದ್ದೆ! ಉಜಿರೆಯಲ್ಲಿ ಭಾವ ಕೇಳಿದರು, “ಏನು ಮಾರಾಯ, ಲಾರಿ ಲೈಟ್ ಹಾಕಿದ್ದೀಯಾ?”

ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ, ಒಂದು ಬದಿಗೆ ಹಳೇ ಬಲ್ಬು, ಇನ್ನೊಂದಕ್ಕೆ ಎಲ್‌ಇಡಿ ಹಾಕಿ ನೋಡಿದೆ. ಹಳೇದರ ಬೆಳಕು ಮೇಲೆ ಗೆರೆ ಎಳೆದಂತೆ ನಿಂತಿತ್ತು, ಎಡಕ್ಕೆ ಮಾತ್ರ ಸ್ವಲ್ಪ ಏರಿತ್ತು. ಎಲ್‌ಇಡಿಯದು ಗೆರೆ ದಾಟಿ ಸೂರಿನವರೆಗೆ ಚೆಲ್ಲಿತ್ತು. ಹಳೇದು ಹ್ಯಾಲೊಜನ್ ಬಲ್ಬು, ಅದರಲ್ಲಿ ಡಿಪ್ಪಿನ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಬಲ್ಬಿನ ಸುತ್ತ ಕನ್ನಡಿಯಂತಿರುವ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೀಳಲಿ ಅಂತ. ರಿಫ್ಲೆಕ್ಟರನ್ನು ರೂಪಿಸಿದ್ದೇ ಆ ತಂತಿಯ ಜಾಗಕ್ಕೆ. ಎಲ್‌ಇಡಿಯ ಬೆಳಕು ಕೊಡುವ ಚಿಪ್ ಒಂದೆರಡು ಮಿ.ಮೀ. ಆಚೀಚೆಯಾದರೂ ಲೆಕ್ಕವೆಲ್ಲ ತಪ್ಪುತ್ತದೆ. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟಿಗೆ ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಹಾಕಿ ಕೇಸು ಮಾಡತೊಡಗಿದ್ದು ಯಾಕೆ ಅಂತ ಆ ಗೋಡೆಯ ಮುಂದೆ ಅರ್ಥವಾಯಿತು.

ಹಾಗಾದರೆ ಹಳೇ ಬಲ್ಬು ಯಾಕೆ ಅಷ್ಟು ಮಂಕಾಗಿತ್ತು? ಎಂಜಿನ್ ಓಡಿಸಿ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.9 ವೋಲ್ಟ್, ಲೈಟ್ ಹತ್ತಿದಾಗ ಬಲ್ಬಿನ ಹತ್ತಿರ 12.3. ಉಳಿದದ್ದು ಹಳೇ ವೈರು, ಸ್ವಿಚ್ಚುಗಳ ಪಾಲು. ಹ್ಯಾಲೊಜನ್ನಿನಲ್ಲಿ ವೋಲ್ಟೇಜ್ 5 ಶೇಕಡಾ ಇಳಿದರೆ ಬೆಳಕು ಸುಮಾರು 15 ಶೇಕಡಾ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಸೋರುತ್ತಿತ್ತು.

ಎಲೆಕ್ಟ್ರಿಷಿಯನ್ ಹತ್ತಿರ ರಿಲೇ ವೈರಿಂಗ್ ಹಾಕಿಸಿದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು. ಬ್ಯಾಟರಿಯಿಂದ ದಪ್ಪ ವೈರು ನೇರ ಬಲ್ಬಿಗೆ, ನಡುವೆ ಫ್ಯೂಸು, ರಿಲೇ. ಕಾರಿನ ಲೈಟ್ ಸ್ವಿಚ್ಚಿನ ಕೆಲಸ ರಿಲೇಯನ್ನು ಎಬ್ಬಿಸುವುದು ಅಷ್ಟೇ. ಹೊಸ 60/55 ಬಲ್ಬುಗಳನ್ನು ಗಾಜು ಮುಟ್ಟದೆ ಕೂರಿಸಿದೆ. ಬೆರಳಿನ ಜಿಡ್ಡು ತಾಗಿದರೆ ಬೇಗ ಹೋಗುತ್ತವೆ. ಈಗ ಬಲ್ಬಿನಲ್ಲಿ 13.5 ವೋಲ್ಟ್ ಸಿಗುತ್ತಿದೆ.

ಬಿಚ್ಚಿದ ಎಲ್‌ಇಡಿ ಜೋಡಿ ಡಬ್ಬದಲ್ಲೇ ಇದೆ. ಪಕ್ಕದ ಮನೆ ಹುಡುಗ ಎರಡು ಸಲ ಕೇಳಿದ. ಕೊಟ್ಟಿಲ್ಲ.